ಹಾಡಿಗೂ ಬಾಡಿಗೆಯೇ?

ತಿಂಗಳಿಗಿಷ್ಟು ಕಟ್ಟಿ ಆ್ಯಪ್‌ನಲ್ಲಿ ಹಾಡು ಕೇಳುವವರನ್ನು ಕಂಡರೆ ನನಗೆ ರೇಗುತ್ತದೆ. ಕಟ್ಟುವುದು ನಿಂತ ದಿನ ಹಾಡೂ ನಿಂತಿತು. ಇದು ಬಾಡಿಗೆ ಸ್ವಾಮಿ, ಆಸ್ತಿಯಲ್ಲ, ಬ್ಯಾಂಕಿನಲ್ಲಿದ್ದವನು ಹೇಳ್ತಿದ್ದೇನೆ. 2024ರಲ್ಲಿ ವಿಂಕ್ ಮ್ಯೂಸಿಕ್ ಬಾಗಿಲು ಹಾಕಲಿಲ್ಲವೇ?

ಮಗನ ಜೊತೆ ಇರಲು ಚೆನ್ನೈನ ಪೋರೂರಿಗೆ ಬಂದಾಗ ಸಾಗರದ ಮನೆಯಿಂದ ಒಂದು ಪೆಟ್ಟಿಗೆ ಕ್ಯಾಸೆಟ್ ತಂದೆ. ಅಶ್ವತ್ಥ್, ಅನಂತಸ್ವಾಮಿ ಆ್ಯಪ್‌ನಲ್ಲೂ ಸಿಗ್ತಾರೆ, ಒಪ್ಪಿದೆ. ತಂಗಿಯ ಮದುವೆಯಲ್ಲಿ ನಮ್ಮಮ್ಮ ಹಾಡಿದ ಹಸೆಹಾಡು ಯಾವ ಆ್ಯಪ್‌ನಲ್ಲಿದೆ?

ಎಲ್ಲವನ್ನೂ ಎಂಪಿ3 ಮಾಡಿಸಿ ರಾಸ್ಪ್‌ಬೆರಿ ಪೈ ಝೀರೋಗೆ ಹಾಕಿದ್ದೇನೆ. 2015ರಲ್ಲಿ ಬಂದ, ಆರೂವರೆ ಸೆಂಟಿಮೀಟರ್ ಉದ್ದದ ಕಂಪ್ಯೂಟರು. 128 ಕೆಬಿಪಿಎಸ್‌ನಲ್ಲಿ 60 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 58 ಎಂಬಿ; 32 ಜಿಬಿ ಕಾರ್ಡಿನಲ್ಲಿ ಹತ್ತಿರ ಹತ್ತಿರ 500 ಕ್ಯಾಸೆಟ್! ಜೇಬಿನ ಪವರ್ ಬ್ಯಾಂಕಿನಲ್ಲಿ ಇಡೀ ದಿನ ಹಾಡುತ್ತದೆ. ಇಯರ್‌ಫೋನ್ ಸಿಕ್ಕಿಸೋ ತೂತಿಲ್ಲ, ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಶಟ್‌ಡೌನ್ ಮಾಡದೆ ವೈರು ಕಿತ್ತು ಒಮ್ಮೆ ಕಾರ್ಡು ಕೆಡಿಸಿಕೊಂಡೆ. ಇನ್ನೊಂದು ಪ್ರತಿ ಇತ್ತು, ಬಚಾವಾದೆ.

“ಮೊಬೈಲಿಗೇ ಹಾಕ್ಕೋಬಹುದಲ್ಲಪ್ಪಾ” ಅಂತಾನೆ ಮಗ. ಹಾಕಿಯೂ ನೋಡಿದೆ. ಪೋರೂರು ಕೆರೆ ಕಡೆ ವಾಕಿಂಗ್ ಹೋದಾಗ, ಅಮ್ಮ ಎರಡನೇ ನುಡಿ ಎತ್ತುವಷ್ಟರಲ್ಲಿ ಫೋನು: ಪರ್ಸನಲ್ ಲೋನ್ ಬೇಕಾ ಸಾರ್? ಜೀವನವಿಡೀ ಸಾಲ ಮಂಜೂರು ಮಾಡಿದವನಿಗೆ!

ನನ್ನ ತಮಿಳು ಅಷ್ಟಕ್ಕಷ್ಟೇ. ಮನೆಯಾಚೆ ಕಿವಿಗೆ ಬೀಳುವ ಕನ್ನಡವೆಂದರೆ ಜೇಬಿನ ಇದೊಂದೇ. ಊರಲ್ಲಿರುವವರೇ, ನಿಮ್ಮ ಅಟ್ಟದ ಕ್ಯಾಸೆಟ್ಟುಗಳನ್ನು ಗುಜರಿಯವನಿಗೆ ಕೊಡಬೇಡಿ. ಮುಂದಿನ ಮಳೆಗಾಲಕ್ಕೆ ಟೇಪು ಬೂಷ್ಟು ಹಿಡಿಯುವ ಮೊದಲು ಕೆಳಗಿಳಿಸಿ.