ಕುಟುಂಬಕ್ಕೂ ಸರಕಿಗೂ ಒಂದೇ ಹಳೆಯ ವ್ಯಾನು: ಕೊಳ್ಳುವವರು ಯೋಚಿಸತಕ್ಕ ವಿಷಯಗಳು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದ ರೈತನು ಹಲ್ಲನ್ನು ನೋಡದೆ, ಸುಳಿಗಳನ್ನು ಪರೀಕ್ಷಿಸದೆ, ನಾಲ್ಕು ಹೆಜ್ಜೆ ನಡೆಸಿ ಗೊರಸಿನ ಸ್ಥಿತಿಯನ್ನು ತಿಳಿಯದೆ ಒಂದು ಜೊತೆ ಎತ್ತಿಗೆ ಹಣವನ್ನು ಎಣಿಸುವುದಿಲ್ಲ. ಅದೇ ರೈತನು ಪೇಟೆಗೆ ಹೋಗಿ ಲಕ್ಷಾಂತರ ರೂಪಾಯಿಗಳ ಹಳೆಯ ವ್ಯಾನೊಂದನ್ನು ಕೊಳ್ಳುವಾಗ, ಹೊಸದಾಗಿ ಬಳಿದ ಬಣ್ಣಕ್ಕೂ ಆಸನಗಳ ಹೊಸ ಹೊದಿಕೆಗೂ ಮನಸೋತು, ಸಂಜೆಯೊಳಗಾಗಿ ಮುಂಗಡವನ್ನು ಕೊಟ್ಟು ಬರುವುದು ಅಪರೂಪವಲ್ಲ. ಎತ್ತು ಕೆಟ್ಟದಾದರೆ ಉಳುಮೆಗೆ ಹಾನಿ. ವ್ಯಾನು ಕೆಟ್ಟದಾದರೆ ಅದರೊಳಗೆ ಕುಳಿತ ಮಕ್ಕಳು ಮರಿಗಳ ಪ್ರಾಣಕ್ಕೇ ಅಪಾಯವುಂಟು.

ಬೆಳಗ್ಗೆ ಡೈರಿಗೆ ಹಾಲಿನ ಕ್ಯಾನು, ಬಳಿಕ ಶಾಲೆಗೆ ಮಕ್ಕಳು, ಸಂತೆಯ ದಿನ ತರಕಾರಿ, ಹಬ್ಬದಲ್ಲಿ ಬಂಧುಗಳು, ಮುಂಗಾರಿನಲ್ಲಿ ಗೊಬ್ಬರ, ಹೀಗೆ ಎಲ್ಲಕ್ಕೂ ಒಂದೇ ಗಾಡಿ ಸಾಕೆಂಬ ಆಸೆಯಿಂದಲೇ ಗ್ರಾಮಾಂತರದಲ್ಲಿ ವ್ಯಾನುಗಳಿಗೆ ಇಷ್ಟು ಗಿರಾಕಿ. ಹಳೆಯ ಗಾಡಿಗಳ ವ್ಯಾಪಾರದಲ್ಲಿ ಮುಖ್ಯವಾಗಿ ದೊರೆಯುವುವು ಎರಡು. ೧೯೮೪ರಲ್ಲಿ ಮಾರುತಿ ವ್ಯಾನೆಂದು ಬಂದು, ಬಳಿಕ ಓಮ್ನಿ ಎಂಬ ಹೆಸರನ್ನು ಪಡೆದು, ೨೦೧೯ರಲ್ಲಿ ತಯಾರಿಕೆ ನಿಂತುಹೋದದ್ದು ಒಂದು. ಅದರ ಎಂಜಿನು ೭೯೬ ಘನ ಸೆಂಟಿಮೀಟರಿನದು. ೨೦೧೦ರಲ್ಲಿ ಹೊರಬಂದ ಈಕೋ ಮತ್ತೊಂದು. ಇದರ ಎಂಜಿನು ಸುಮಾರು ೧೨೦೦ ಘನ ಸೆಂಟಿಮೀಟರಿನದು. ಎರಡರಲ್ಲಿಯೂ ಎಂಜಿನು ಮುಂದಿನ ಆಸನಗಳ ಕೆಳಗಿರುವುದು. ಎರಡರಲ್ಲಿಯೂ ಹಿಂದಿನ ಚಕ್ರಗಳೇ ಗಾಡಿಯನ್ನು ದೂಡುವುವು. ಹಿಂದೆ ಭಾರವಿದ್ದಾಗ ಹೊಲದ ಏರುದಾರಿಯಲ್ಲಿ ಚಕ್ರವು ಜಾರದೆ ಹತ್ತುವುದಕ್ಕೆ ಇದೇ ಕಾರಣ.

ಕೊಳ್ಳುವವರು ಬಹುಮಟ್ಟಿಗೆ ಮರೆಯುವ ಸಂಗತಿಯೊಂದುಂಟು. ಗಾಡಿಯು ಹೊರಬಲ್ಲ ಭಾರವು ಒಂದೇ; ಜನರಿಗೊಂದು ಲೆಕ್ಕ, ಮೂಟೆಗೊಂದು ಲೆಕ್ಕವೆಂದು ಎರಡು ಖಾತೆಗಳಿಲ್ಲ. ನೋಂದಣಿ ಪತ್ರದಲ್ಲಿ ಬರಿಯ ಗಾಡಿಯ ತೂಕವು ಬರೆದಿರುವುದು. ಕಾರಖಾನೆಯ ಕೈಪಿಡಿಯಲ್ಲಿ ಭಾರ ಸಹಿತವಾದ ಒಟ್ಟು ತೂಕದ ಮಿತಿಯು ದೊರೆಯುವುದು. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದೇ ಹೊರೆ. ಈ ಜಾತಿಯ ವ್ಯಾನುಗಳಲ್ಲಿ ಅದು ೫೦೦ ಕಿಲೋಗ್ರಾಮಿನ ಸುತ್ತಮುತ್ತ ಇರುವುದು. ಆಳಿಗೆ ೬೫ ಕಿಲೋಗ್ರಾಮಿನಂತೆ ಐದು ಮಂದಿ ಕುಳಿತರೆ ೩೨೫ ಕಿಲೋಗ್ರಾಂ ಮುಗಿಯಿತು. ಮಿಕ್ಕಿದ್ದರಲ್ಲಿ ೫೦ ಕಿಲೋಗ್ರಾಮಿನ ರಾಗಿ ಮೂಟೆಗಳು ಮೂರಕ್ಕೆ ಮಾತ್ರ ಅವಕಾಶ. ಚಾಲಕನೊಬ್ಬನೇ ಹೋಗುವುದಾದರೆ ಎಂಟು ಮೂಟೆ. ಹತ್ತು ಮಂದಿಯನ್ನೂ ಹತ್ತು ಮೂಟೆಯನ್ನೂ ಒಂದೇ ಸಲಕ್ಕೆ ಏರಿಸಿ, ಗಾಡಿ ಮುಂದಕ್ಕೆ ಚಲಿಸಿತೆಂಬ ಮಾತ್ರಕ್ಕೆ ಹೊತ್ತಿತೆಂದು ಭಾವಿಸುವುದು ಸರಿಯಲ್ಲ. ಚಲಿಸುವುದು ಎಂಜಿನಿನ ಕೆಲಸ. ಇಳಿಜಾರಿನಲ್ಲಿ ನಿಲ್ಲಿಸುವುದು ಬ್ರೇಕಿನ ಕೆಲಸ. ಅಪಾಯವು ಕಾಣಬರುವುದು ಎರಡನೆಯದರಲ್ಲಿ.

ಗ್ರಾಮದ ಯಜಮಾನರಿಗೆ ಈ ಲೆಕ್ಕವು ಇನ್ನೂ ಕಠಿಣ. ಯಜಮಾನನ ಮನೆಯ ಮುಂದೆ ವ್ಯಾನು ನಿಂತಿತೆಂದರೆ ಅದು ಊರಿನ ವ್ಯಾನಾಯಿತು. ನಡುರಾತ್ರಿಯಲ್ಲಿ ಹೆರಿಗೆಗೆಂದು ಬಂದವರಿಗೆ ಇಲ್ಲವೆನ್ನಲಾಗದು, ಎನ್ನಲೂಬಾರದು. ಆದರೆ ದಿಬ್ಬಣಕ್ಕೆ ಹದಿನೈದು ಮಂದಿಯನ್ನು ತುಂಬಬೇಕೆಂದು ಬಂದವರಿಗೆ ಇಲ್ಲವೆನ್ನುವ ದಾಕ್ಷಿಣ್ಯರಹಿತವಾದ ಮನಸ್ಸು ಗಾಡಿಯ ಜೊತೆಯಲ್ಲಿಯೇ ಸಿದ್ಧವಾಗಿರಬೇಕು.

ಯಾವ ಸರಕಿಗೆ ವ್ಯಾನು ತಕ್ಕದ್ದೆಂಬುದನ್ನೂ ಯೋಚಿಸಬೇಕು. ರಾಮನಗರದ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡು ಹಗುರ, ಆದರೆ ಸ್ಥಳವನ್ನು ಹೆಚ್ಚಾಗಿ ಬೇಡುವುದು. ಮಳೆ ತಾಗಬಾರದು, ಒತ್ತಡ ಬೀಳಬಾರದು. ಗೂಡಿನೊಳಗಿನ ಹುಳುವು ಜೀವದಿಂದ ಉಸಿರಾಡುತ್ತಿರುವ ಕಾರಣ ದಟ್ಟವಾಗಿ ತುಂಬಿದರೆ ಕಾವೂ ತೇವವೂ ಹುಟ್ಟಿ ಗೂಡು ಕೆಡುವುದು. ಸಡಿಲವಾದ ಬಲೆಚೀಲಗಳಲ್ಲಿ ತುಂಬಿ, ಎಂಜಿನಿನ ಕಾವು ತಾಗುವ ಮುಂಭಾಗವನ್ನು ಬಿಟ್ಟು, ಕಿಟಕಿಗಳನ್ನು ತೆರೆದು, ತಂಪು ಹೊತ್ತಿನಲ್ಲಿ ಸಾಗಿಸುವುದಕ್ಕೆ ಮೇಲ್ಛಾವಣಿಯುಳ್ಳ ವ್ಯಾನು ಬಹಳ ಅನುಕೂಲ. ಹೂವಿಗೂ ಸೊಪ್ಪಿಗೂ ಅದೇ ಮಾತು. ಕೋಲಾರದ ಮಂಡಿಗೆ ಹೋಗುವ ಟೊಮೇಟೊ ಹಾಗಲ್ಲ. ಒಂದೊಂದು ಪೆಟ್ಟಿಗೆಯೂ ಸುಮಾರು ೧೫ ಕಿಲೋಗ್ರಾಂ ತೂಗುವುದು; ಕೊಯ್ಲಿನ ದಿನ ಪೆಟ್ಟಿಗೆಗಳು ನೂರನ್ನು ಮೀರುವುವು. ವರ್ಷದಲ್ಲಿ ಇಪ್ಪತ್ತು ಮೂವತ್ತು ದಿನ ಬರುವ ಇಂತಹ ಭಾರಕ್ಕೆ ಟಾಟಾ ಏಸ್‌ನಂತಹ ಸರಕಿನ ಗಾಡಿಯನ್ನು ಬಾಡಿಗೆಗೆ ಗೊತ್ತುಮಾಡಿ, ಉಳಿದ ದಿನಗಳ ಚಿಲ್ಲರೆ ಸಾಗಣೆಗೆ ಮಾತ್ರ ಮನೆಯ ವ್ಯಾನನ್ನು ಉಪಯೋಗಿಸುವುದೇ ಲಾಭಕರ. ಬಾಡಿಗೆಯ ಹಣ ಉಳಿಯಿತೆಂದು ಸಂತೋಷಪಟ್ಟವರು ಮರುವರ್ಷ ಕ್ಲಚ್ಚಿಗೂ ಸ್ಪ್ರಿಂಗಿಗೂ ಅದನ್ನೇ ಸುರಿಯುವರು.

ಓಮ್ನಿಯೋ ಈಕೋವೋ ಎಂಬ ಪ್ರಶ್ನೆಗೆ ಉತ್ತರವು ಸ್ಪಷ್ಟವಾಗಿರಬೇಕು. ಓಮ್ನಿಯ ಬೆಲೆ ಕಡಮೆ, ಮರಮ್ಮತ್ತು ಸುಲಭ, ಹಳ್ಳಿಯ ಯಾವ ಮೆಕ್ಯಾನಿಕ್ಕನೂ ಅದನ್ನು ಬಲ್ಲನು. ಇಷ್ಟೆಲ್ಲ ಗುಣಗಳಿದ್ದರೂ ಕುಟುಂಬದ ಪ್ರಯಾಣಕ್ಕೆ ಅದು ತಕ್ಕದ್ದಲ್ಲ. ಮೂತಿಯೇ ಇಲ್ಲದ ಆ ಗಾಡಿಯಲ್ಲಿ ಚಾಲಕನ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ಇರುವುದು ಒಂದು ತಗಡು. ಅಪಘಾತದಲ್ಲಿ ಒಳಗಿನವರ ರಕ್ಷಣೆಯನ್ನು ಕುರಿತು ಹೊಸ ನಿಯಮಗಳು ಬಂದಾಗಲೇ ಅದರ ತಯಾರಿಕೆ ನಿಂತಿತು. ಈಕೋ ಪೂರ್ಣವಾಗಿ ನಿರ್ದೋಷವೆಂದು ಇದರ ಅರ್ಥವಲ್ಲ. ೨೦೧೬ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯು ಏರ್‌ಬ್ಯಾಗಿಲ್ಲದ ಈಕೋವನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಯಲ್ಲಿ ಅದಕ್ಕೆ ಒಂದು ನಕ್ಷತ್ರವೂ ದೊರೆಯಲಿಲ್ಲ. ಹೊಸ ಕಾರುಗಳಲ್ಲಿ ಚಾಲಕನ ಎದುರು ಏರ್‌ಬ್ಯಾಗು ಕಡ್ಡಾಯವಾದದ್ದು ೨೦೧೯ರ ಜುಲೈಯಿಂದ. ಮುಂದಿನ ಇಬ್ಬರಿಗೂ ಕಡ್ಡಾಯವಾದದ್ದು ೨೦೨೨ರ ಆರಂಭದಿಂದ. ಆದುದರಿಂದ ಮಕ್ಕಳನ್ನು ಕೂರಿಸುವ ಗಾಡಿಯಾದರೆ ೨೦೧೯ರ ಉತ್ತರಾರ್ಧದ ಬಳಿಕ ತಯಾರಾದುದನ್ನು, ಸಾಧ್ಯವಾದರೆ ೨೦೨೨ರ ಬಳಿಕದ್ದನ್ನು ಹುಡುಕತಕ್ಕದ್ದು. ಅದಕ್ಕಾಗಿ ಇನ್ನೂ ಆರು ತಿಂಗಳು ಬಸ್ಸಿನಲ್ಲಿ ತಿರುಗಾಡಬೇಕಾದರೂ ನಷ್ಟವಿಲ್ಲ. ಏಳು ಆಸನದ್ದಕ್ಕಿಂತ ಐದು ಆಸನದ್ದೇ ಮೇಲು. ಮೂರನೆಯ ಸಾಲಿದ್ದರೆ ಸರಕಿಗೆ ಸ್ಥಳವಿಲ್ಲ. ಅಲ್ಲದೆ ಆ ಸಾಲಿನಲ್ಲಿ ಕುಳಿತವರ ಬೆನ್ನು ಹಿಂಬಾಗಿಲಿಗೆ ಬಹಳ ಸಮೀಪ.

ಎರಡೇ ಆಸನಗಳ ಸರಕಿನ ವ್ಯಾನನ್ನು ಅಗ್ಗವಾಗಿ ಕೊಂಡು, ಹಿಂದೆ ಬೆಂಚು ಜೋಡಿಸಿ ಮಾರುವವರುಂಟು. ಇದನ್ನು ಎಂತಹ ಬೆಲೆಗೂ ಕೊಳ್ಳಬಾರದು. ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ಭಿನ್ನವಾಗಿ ಗಾಡಿಯನ್ನು ಮಾರ್ಪಡಿಸುವುದು ೧೯೮೮ರ ಮೋಟಾರು ವಾಹನಗಳ ಕಾಯಿದೆಗೆ ವಿರುದ್ಧ. ಇದಕ್ಕಿಂತ ಮುಖ್ಯವಾಗಿ, ಅಂತಹ ಬೆಂಚಿನ ಬೋಲ್ಟುಗಳು ತೆಳುವಾದ ತಗಡನ್ನು ಹಿಡಿದಿರುವುವೇ ಹೊರತು ಗಟ್ಟಿಯಾದ ಚೌಕಟ್ಟನ್ನಲ್ಲ. ಡಿಕ್ಕಿಯಲ್ಲಿ ಬೆಂಚು ಜನರ ಸಮೇತ ಮುಂದಕ್ಕೆ ಬರುವುದು. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರ ಪರಿಹಾರಕ್ಕೆ ವಿಮಾ ಕಂಪೆನಿಯು ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೦೨ರಲ್ಲಿ ತೀರ್ಪಿತ್ತಿದೆ. ಕೂಲಿಯಾಳುಗಳನ್ನು ಹಾಗೆ ಕರೆದೊಯ್ಯುವ ಜಮೀನುದಾರನು ಪರಿಹಾರದ ಮೊಬಲಗನ್ನು ಹೊಲ ಮಾರಿ ತೆರಬೇಕಾದೀತು.

ಇನ್ನು ಪರೀಕ್ಷೆಯ ವಿಷಯ. ವ್ಯಾನು ಮೇಲಿನಿಂದ ಕೆಡುವುದಿಲ್ಲ, ಕೆಳಗಿನಿಂದ ಕೆಡುವುದು. ಆದುದರಿಂದ ಮೊದಲು ನೆಲದ ರಬ್ಬರು ಹಾಸನ್ನು ಪೂರ್ಣವಾಗಿ ಎತ್ತಿಸಬೇಕು. ರಾಸಾಯನಿಕ ಗೊಬ್ಬರದ ಚೀಲಗಳಿಂದ ಉದುರಿದ ಹರಳುಗಳು ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುವುವು. ಚೆಲ್ಲಿದ ಹಾಲೂ ಹಣ್ಣಿನ ರಸವೂ ಹಾಗೆಯೇ. ಕರಾವಳಿಯ ಗಾಡಿಗಳಿಗೆ ಉಪ್ಪುಗಾಳಿಯ ಕಾಟ ಬೇರೆ. ಜಾರುಬಾಗಿಲಿನ ಕೆಳಗಿನ ಹಳಿ, ಚಕ್ರದ ಕಮಾನುಗಳ ಒಳಮೈ, ಹಿಂದಿನ ನೆಲದ ಮೂಲೆ ಇವುಗಳನ್ನು ತಿರುಪುಳಿಯ ತುದಿಯಿಂದ ಒತ್ತಿ ನೋಡಬೇಕು. ತುದಿಯು ಒಳಹೊಕ್ಕರೆ ಅಲ್ಲಿಗೆ ಮಾತು ಮುಗಿಯಿತು. ೨೦೧೮ರ ಕೊಡಗಿನ, ೨೦೧೯ರ ಬೆಳಗಾವಿಯ, ೨೦೨೨ರ ಬೆಂಗಳೂರಿನ ನೆರೆಗಳಂತಹ ಸಂದರ್ಭಗಳಲ್ಲಿ ನೀರಿನಲ್ಲಿ ಮುಳುಗಿದ ಗಾಡಿಗಳು ತೊಳೆದು ಒಣಗಿಸಿದ ಬಳಿಕ ನೋಡಲು ಚೆನ್ನಾಗಿಯೇ ಇರುವುವು. ಸೀಟುಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆಯು ಕಾಣಬಹುದು. ಆಸನದ ಹಳಿಗಳ ತುಕ್ಕೂ ಒಂದು ಸಾಕ್ಷಿ.

ಎಂಜಿನನ್ನು ಮುಂಚಿತವಾಗಿ ಬಿಸಿಮಾಡಿ ಇಟ್ಟಿರಬಾರದೆಂದು ಹೇಳಿ, ಬೆಳಗಿನ ತಂಪಿನಲ್ಲಿ ಹೋಗುವುದು ಉತ್ತಮ. ತಣ್ಣಗಿರುವಾಗ ಆಸನವನ್ನು ಎತ್ತಿ ಎಣ್ಣೆಯ ಮುಚ್ಚಳವನ್ನು ತೆಗೆದರೆ, ಅದರಡಿಯಲ್ಲಿ ಮಜ್ಜಿಗೆಯಂತಹ ಬಿಳಿಯ ನೊರೆ ಧಾರಾಳವಾಗಿದ್ದಲ್ಲಿ ನೀರು ಎಣ್ಣೆಗೆ ಸೇರುತ್ತಿದೆಯೆಂದು ಸಂಶಯಿಸಬೇಕು. ನೀಲಿ ಹೊಗೆ ಎಣ್ಣೆ ಸುಡುವುದರ ಗುರುತು. ಗೇರನ್ನು ಬದಲಾಯಿಸುವಾಗ ಕೆಳಗಿನಿಂದ ಠಕ್ಕೆಂಬ ಸದ್ದು, ವೇಗ ಹೆಚ್ಚಿದಂತೆ ಹಿಂದಿನಿಂದ ಗುಂಯ್‌ಗುಡುವ ಸದ್ದು ಬಂದರೆ, ಅತಿಭಾರದಿಂದ ದಂಡವೂ ಹಿಂದಿನ ಗೇರುಪೆಟ್ಟಿಗೆಯೂ ಸವೆದಿರುವ ಸಂಭವವುಂಟು. ಗಾಡಿಯನ್ನು ಸಮನೆಲದಲ್ಲಿ ಬರಿದಾಗಿ ನಿಲ್ಲಿಸಿದಾಗಲೂ ಹಿಂಭಾಗವು ಕುಸಿದಿದ್ದರೆ ಅದರ ಪೂರ್ವಚರಿತ್ರೆಯನ್ನು ಬೇರೆ ಕೇಳಬೇಕಾದುದಿಲ್ಲ. ಒಬ್ಬನೇ ಓಡಿಸಿ ನೋಡಿದರೆ ಸಾಲದು. ನಾಲ್ಕು ಮಂದಿಯನ್ನು ಕೂರಿಸಿಕೊಂಡು ಏರೊಂದನ್ನು ಹತ್ತಿಸಿ, ಅದೇ ದಾರಿಯಲ್ಲಿ ಇಳಿಸಿ ಬ್ರೇಕನ್ನು ಪರೀಕ್ಷಿಸಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುವುವು: ೩೨೨೧ ಎಂದಿದ್ದರೆ ೨೦೨೧ನೆಯ ಇಸವಿಯ ೩೨ನೆಯ ವಾರದಲ್ಲಿ ತಯಾರಾದುದೆಂದು ಅರ್ಥ.

ಪೆಟ್ರೋಲಿನ ನಳಿಗೆಗಳಿಗೆ ವಿಶೇಷ ಗಮನ ಬೇಕು. ಕಬ್ಬು, ಮೆಕ್ಕೆಜೋಳ ಮುಂತಾದುವುಗಳಿಂದಾದ ಎಥನಾಲನ್ನು ಶೇಕಡ ೨೦ರಷ್ಟು ಬೆರೆಸಿದ ಪೆಟ್ರೋಲು ೨೦೨೫ರ ಹೊತ್ತಿಗೆ ಬಂಕುಗಳಲ್ಲಿ ಸಾಮಾನ್ಯವಾಯಿತು. ಬೆಳೆಗಾರನಿಗೆ ಇದರಿಂದ ಲಾಭವೇ. ಆದರೆ ಅದಕ್ಕೆಂದು ತಯಾರಾಗದ ಹಳೆಯ ಗಾಡಿಗಳ ರಬ್ಬರು ಭಾಗಗಳು ಬೇಗ ಹಾಳಾಗಬಹುದು. ಎಂಜಿನು ಆಸನದ ಕೆಳಗೇ ಇರುವ ಗಾಡಿಯಲ್ಲಿ ಸೋರಿಕೆಯು ಸಣ್ಣ ವಿಷಯವಲ್ಲ. ಅನಿಲದ ಸಿಲಿಂಡರಿದ್ದರೆ ಅದು ನೋಂದಣಿ ಪತ್ರದಲ್ಲಿ ನಮೂದಾಗಿರಲೇಬೇಕು, ಸಿ.ಎನ್.ಜಿ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆಯಾದ ಪತ್ರವಿರಬೇಕು. ಸಿಲಿಂಡರಿನ ತೂಕವೂ ಮೇಲೆ ಹೇಳಿದ ಹೊರೆಯ ಲೆಕ್ಕದಿಂದಲೇ ಕಳೆಯುವುದು. ಅಡಿಗೆಯ ಸಿಲಿಂಡರಿನಿಂದ ಓಡಿಸುತ್ತಿದ್ದ ಗಾಡಿಯೆಂದು ತಿಳಿದರೆ ದೂರದಿಂದಲೇ ಹಿಂದಿರುಗುವುದು ಒಳ್ಳೆಯದು.

ಕೊಂಡ ಬಳಿಕ ಮೂಟೆಯನ್ನು ಇಡುವ ಬಗೆಯೂ ಮುಖ್ಯವಾದುದು. ಗಂಟೆಗೆ ೫೦ ಕಿಲೋಮೀಟರು ವೇಗದ ಗಾಡಿ ಡಿಕ್ಕಿ ಹೊಡೆದು ನಿಂತರೆ, ಕಟ್ಟದೆ ಇಟ್ಟ ಮೂಟೆಯು ಸುಮಾರು ೧೦ ಮೀಟರು ಎತ್ತರದ ತೆಂಗಿನಮರದ ತುದಿಯಿಂದ ಬಿದ್ದಷ್ಟೇ ರಭಸದಿಂದ ಮುಂದಿದ್ದವರ ಬೆನ್ನಿಗೆ ಬಂದು ಬಡಿಯುವುದು. ಭಾರವಾದುದನ್ನು ನೆಲದ ಮೇಲೆ, ಆಸನದ ಬೆನ್ನಿಗೆ ಒತ್ತಿ ಇರಿಸಿ ಹಗ್ಗದಿಂದ ಬಿಗಿಯಬೇಕು. ಆಸನದ ಬೆನ್ನಿಗಿಂತ ಎತ್ತರಕ್ಕೆ ಪೇರಿಸಬಾರದು. ಕೀಟನಾಶಕದ ಡಬ್ಬಿಗಳನ್ನು ಜನರೊಡನೆ, ಅದರಲ್ಲಿಯೂ ಮಕ್ಕಳೊಡನೆ ಅಥವಾ ತಿನ್ನುವ ಪದಾರ್ಥಗಳೊಡನೆ, ಮುಚ್ಚಿದ ವ್ಯಾನಿನಲ್ಲಿ ಎಂದಿಗೂ ಸಾಗಿಸಬಾರದು. ಖಾಸಗಿಯಾಗಿ ನೋಂದಣಿಯಾದ ಬಿಳಿಯ ಫಲಕದ ಗಾಡಿಯಲ್ಲಿ ನೆರೆಯವರ ಸರಕನ್ನು ಬಾಡಿಗೆಗೆ ಒಯ್ಯುವುದಕ್ಕೆ ಕಾನೂನಿನ ಸಮ್ಮತಿಯಿಲ್ಲ. ಅಂತಹ ಪ್ರಯಾಣದಲ್ಲಿ ಅಪಘಾತವಾದರೆ ವಿಮೆಯವರಿಗೆ ಆಕ್ಷೇಪಣೆಗೆ ಕಾರಣ ಸಿಕ್ಕಿದಂತಾಗುವುದು.

ಕಾಗದಪತ್ರಗಳನ್ನು ನಾಳೆಗೆ ಬಿಡುವ ಅಭ್ಯಾಸವು ಗ್ರಾಮಗಳಲ್ಲಿ ಬಹಳ. ಚಾಸಿಯ ಮೇಲೆ ಕೆತ್ತಿದ ಅಂಕಿಯನ್ನೂ ಎಂಜಿನಿನ ಅಂಕಿಯನ್ನೂ ನೋಂದಣಿ ಪತ್ರದೊಡನೆ ಅಕ್ಷರಶಃ ಹೋಲಿಸಬೇಕು. ಸಾಲದ ಮೇಲೆ ಕೊಂಡ ಗಾಡಿಯಾದರೆ ಸಾಲ ತೀರಿದುದಕ್ಕೆ ೩೫ನೆಯ ನಮೂನೆಯೂ ಬ್ಯಾಂಕಿನ ಪತ್ರವೂ ಬೇಕು. ಗಡಿಯ ತಾಲ್ಲೂಕುಗಳಲ್ಲಿ ಹೊರರಾಜ್ಯದ ಗಾಡಿಗಳು ಅಗ್ಗವಾಗಿ ಕಾಣುವುವು; ಅವಕ್ಕೆ ೨೮ನೆಯ ನಮೂನೆಯ ನಿರಾಕ್ಷೇಪಣಾ ಪತ್ರವೂ ಕರ್ನಾಟಕದ ತೆರಿಗೆಯೂ ಬೀಳುವುದನ್ನು ಕೂಡಿಸಿದರೆ ಅಗ್ಗವೆಂಬುದು ಉಳಿಯುವುದು ಅಪರೂಪ. ಹದಿನೈದು ವರ್ಷ ತುಂಬಿದ ಖಾಸಗಿ ಗಾಡಿಯು ತಪಾಸಣೆಯಲ್ಲಿ ತೇರ್ಗಡೆಯಾದರೆ ಮಾತ್ರ ಐದು ವರ್ಷಕ್ಕೆ ನೋಂದಣಿ ನವೀಕರಣವಾಗುವುದು. ಇದಕ್ಕೆ ೬೦೦ ರೂಪಾಯಿ ಇದ್ದ ಶುಲ್ಕವು ೨೦೨೨ರ ಏಪ್ರಿಲ್‌ನಲ್ಲಿ ೫,೦೦೦ ರೂಪಾಯಿಗೆ ಏರಿತು.

ಹೆಸರಿನ ವರ್ಗಾವಣೆಯಲ್ಲಿ ಕೊಂಡವನಿಗಿಂತ ಮಾರಿದವನಿಗೇ ಭಯ ಹೆಚ್ಚು. ೨೯ ಮತ್ತು ೩೦ನೆಯ ನಮೂನೆಗಳಿಗೆ ರುಜು ಹಾಕಿಸಿ, ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು ೧೪ ದಿನಗಳೊಳಗೆ, ಕೊಂಡವನು ೩೦ ದಿನಗಳೊಳಗೆ ಸಾರಿಗೆ ಅಧಿಕಾರಿಗೆ ತಿಳಿಸತಕ್ಕದ್ದು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕನೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಹೇಳಿರುವುದರಿಂದ, ಗಾಡಿ ಕೈಬಿಟ್ಟು ವರ್ಷಗಳಾದ ಮೇಲೂ ಇನ್ನೊಬ್ಬನು ಮಾಡಿದ ಅಪಘಾತದ ನೋಟೀಸು ಹಳೆಯ ಮಾಲೀಕನ ಮನೆಗೇ ಬರುವುದು. ಗಾಡಿಗೆ ತಾನೇ ಆಗುವ ಹಾನಿಯ ವಿಮೆಯನ್ನು ಕೊಂಡವನು ೧೪ ದಿನಗಳೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಸಾರಿಗೆ ಕಚೇರಿಯು ಕೊಟ್ಟ ರಸೀತಿಯ ಒಂದು ಪ್ರತಿಯನ್ನು ಮಾರಿದವನು ಪಹಣಿ ಪತ್ರಗಳ ಜೊತೆಯಲ್ಲಿಯೇ ಭದ್ರವಾಗಿ ಇಟ್ಟುಕೊಳ್ಳತಕ್ಕದ್ದು.