ಅಡುಗೆಮನೆಯ ವಿವೇಕ: ನೆನೆಸಿ ಒಣಗಿಸಿದ ಬದಾಮಿ

ರಾತ್ರಿ ನೀರಿಗೆ ಹಾಕಿದ ನಾಲ್ಕಾರು ಬದಾಮಿಯನ್ನು ಬೆಳಿಗ್ಗೆ ಸಿಪ್ಪೆ ಸುಲಿದು ಮಕ್ಕಳ ಕೈಗೆ ಕೊಡುವುದು ನಮ್ಮ ಮನೆತನಗಳ ಹಳೆಯ ರೂಢಿ. ನೆನೆಸಿದ ಶೇಂಗಾವನ್ನು ಬೆಲ್ಲದೊಡನೆ ತಿನ್ನುವುದೂ ಅಷ್ಟೇ ಹಳೆಯದು. ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಹೆಜ್ಜೆ ಸೇರಿದೆ. ಹಸಿ ಬದಾಮಿ, ಗೋಡಂಬಿ, ಅಕ್ರೋಡಗಳನ್ನು ಕಿಲೋಗಟ್ಟಲೆ ಉಪ್ಪುನೀರಿನಲ್ಲಿ ನೆನೆಸಿ, ಮತ್ತೆ ಗರಿಗರಿಯಾಗಿ ಒಣಗಿಸಿ ಡಬ್ಬಿಗೆ ತುಂಬಿಡುವ ಪದ್ಧತಿ ಅನೇಕ ಮನೆಗಳನ್ನು ಹೊಕ್ಕಿದೆ. ಇದರ ಗುಣದೋಷಗಳನ್ನು ಈ ತಿಂಗಳು ವಿಚಾರ ಮಾಡೋಣ. ಹಾಗೆ ಮಾಡಲು ನಮಗೆ ಸ್ವಂತದ ಕಾರಣವೂ ಒಂದುಂಟು.

ಕಳೆದ ಆಷಾಢದಲ್ಲಿ ಮಗಳು ಬಾಣಂತನಕ್ಕೆ ಬಂದಿದ್ದಳು. ಅಂಟಿನುಂಡಿಗೆಂದು ಒಂದು ಕಿಲೋ ಬದಾಮಿಯನ್ನು ನೆನೆಸಿದೆವು. ಬಿಸಿಲಿನ ಸುಳಿವಿರಲಿಲ್ಲ. ಎರಡು ದಿನ ಫ್ಯಾನಿನ ಕೆಳಗೆ ಹರಡಿ, ಮೇಲೆ ಒಣಗಿದಂತೆ ಕಂಡಿತೆಂದು ಡಬ್ಬಿಗೆ ಹಾಕಿ ಮುಚ್ಚಿದೆವು. ಹತ್ತು ದಿನಗಳ ಮೇಲೆ ತೆರೆದರೆ ಮುಗ್ಗಲು ವಾಸನೆ. ಅಲ್ಲೊಂದು ಇಲ್ಲೊಂದು ಬದಾಮಿಗೆ ಹಸಿರು ಬೂಷ್ಟು ಹಿಡಿದಿತ್ತು. ಅತ್ತೆಯವರು, "ಇಷ್ಟು ತುಟ್ಟಿ ಬದಾಮಿ ಚೆಲ್ಲೂದೇನವಾ? ಕೆಟ್ಟದ್ದು ಆರಿಸಿ ತಗದು, ಉಳಿದದ್ದು ಹುರಿ" ಎಂದರು. ಒಂದು ಕಾಳನ್ನೂ ಹಾಳು ಮಾಡದೆ ಸಂಸಾರ ನಡೆಸಿದವರ ಮಾತು ಅದು, ತೆಗೆದುಹಾಕಲು ಮನಸ್ಸಾಗಲಿಲ್ಲ. ಆದರೂ ನಾವು ಒಪ್ಪಲಿಲ್ಲ. ಏಕೆಂಬುದನ್ನು ಹೇಳಬೇಕು.

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವುಗಳ ಮೇವಿನಲ್ಲಿದ್ದ ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿತ್ತು. ಆ ಬೂಷ್ಟಿನ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. 1974ರಲ್ಲಿ ನಮ್ಮ ದೇಶದ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ, ಅಕಾಲದ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಗೋವಿನಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತಿನ ಬೇನೆಯಿಂದ ಅಸುನೀಗಿದರು. ದೀರ್ಘಕಾಲ ಅಲ್ಪಸ್ವಲ್ಪವಾಗಿ ಹೊಟ್ಟೆಗೆ ಹೋದರೂ ಈ ವಿಷ ಯಕೃತ್ತಿನ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಬೂಷ್ಟೆಲ್ಲ ಈ ವಿಷವನ್ನು ಉಂಟುಮಾಡುವುದಿಲ್ಲ ನಿಜ. ಆದರೆ ಯಾವುದರಲ್ಲಿ ವಿಷವಿದೆ ಎಂಬುದು ಕಣ್ಣಿಗೆ ತಿಳಿಯದು. ಹುರಿಯುವುದರಿಂದ ಅದು ಪೂರ್ತಿ ನಾಶವಾಗದು. ಬಾಣಂತಿ ತಿಂದರೆ ಎದೆಹಾಲಿನಲ್ಲಿ ಇಳಿಯುತ್ತದೆ. "ಹಾಗಾದರ ಆಕಳಿಗರ ಹಾಕು" ಎಂದರು ಅತ್ತೆಯವರು. ಆಕಳ ಹಾಲಿನಲ್ಲೂ ಅದು ಇಳಿಯುತ್ತದೆಂದು ವಿವರಿಸಿದಾಗ ಅವರೇ ಎದ್ದು ಹಿತ್ತಲಲ್ಲಿ ಗುಂಡಿ ತೋಡಿಸಿದರು.

ಇನ್ನು ನೆನೆಸುವುದರ ಲಾಭ. ಬೀಜಗಳಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣ, ಸತುವುಗಳನ್ನು ದೇಹಕ್ಕೆ ದಕ್ಕಗೊಡುವುದಿಲ್ಲ, ನೆನೆಸಿದರೆ ಅದು ಕಳೆಯುತ್ತದೆ ಎಂಬ ನಂಬಿಕೆ ಪ್ರಚಾರದಲ್ಲಿದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಸಂಶೋಧಕರು ಬೀಜಗಳನ್ನು ನೆನೆಸಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಫೈಟಿಕ್ ಆಮ್ಲದಲ್ಲಾಗುವ ವ್ಯತ್ಯಾಸ ತೀರ ಅಲ್ಪ. ಕತ್ತರಿಸಿ ನೆನೆಸಿದರೆ ಖನಿಜಾಂಶವೇ ನೀರಿಗೆ ಹೋಗುತ್ತದೆ. ಆದುದರಿಂದ ಮೃದುತ್ವಕ್ಕೆ, ರುಚಿಗೆ, ಸಿಪ್ಪೆಯ ಒಗರು ಕಳೆಯಲು ನೆನೆಸಿರಿ. ಔಷಧವೆಂದು ನೆನೆಸುವುದು ಬೇಡ.

ನೆನೆಸುವವರು ಗಮನಿಸಬೇಕಾದುದಿಷ್ಟು. ಬದಾಮಿಗೆ ಎಂಟರಿಂದ ಹನ್ನೆರಡು ತಾಸು, ಗೋಡಂಬಿಗೆ ಎರಡು-ನಾಲ್ಕು ತಾಸು ಸಾಕು. ಸೆಖೆಯ ದಿನಗಳಲ್ಲಿ ಪಾತ್ರೆಯನ್ನು ಫ್ರಿಜ್ಜಿನಲ್ಲಿಡುವುದು ಲೇಸು. ನೀರು ಬಸಿದು, ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಒಂದರ ಮೇಲೊಂದು ಬೀಳದಂತೆ ತೆಳ್ಳಗೆ ಹರಡಬೇಕು. ಚೈತ್ರ-ವೈಶಾಖದ ಬಿಸಿಲಾದರೆ ಅಂಗಳ ಸಾಕು. ಇಬ್ಬನಿ ತಾಗದಂತೆ ಸಂಜೆ ಒಳತರಬೇಕು. ಮಳೆಗಾಲಕ್ಕೆ ಓವನ್ ಅಥವಾ ಒಣಗಿಸುವ ಯಂತ್ರವೇ ಬೇಕು; ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹನ್ನೆರಡರಿಂದ ಇಪ್ಪತ್ತನಾಲ್ಕು ತಾಸು ಹಿಡಿಯುತ್ತದೆ. "ಹಸಿತನ ಉಳಿಯಲಿ" ಎಂದು ತೀರ ಕಡಿಮೆ ಶಾಖವಿಟ್ಟರೆ ತೇವ ಬಹುಹೊತ್ತು ನಿಂತು ಬೂಷ್ಟಿಗೇ ಅನುಕೂಲ.

ಒಣಗಿತೆಂಬುದಕ್ಕೆ ಗುರುತು ಹೊರಮೈಯಲ್ಲಿಲ್ಲ. ದಪ್ಪನೆಯ ನಾಲ್ಕೈದು ಬೀಜಗಳನ್ನು ಆರಲು ಬಿಟ್ಟು ಮುರಿದು ನೋಡಿರಿ. ಟಕ್ಕನೆ ಮುರಿಯಬೇಕು, ನಡುವೆ ಬಾಗಿದರೆ, ಮೆತ್ತಗಿದ್ದರೆ ಮತ್ತೆ ಶಾಖಕ್ಕೆ ಹಾಕಬೇಕು. ಬಿಸಿಯಿರುವಾಗ ಡಬ್ಬಿ ಮುಚ್ಚಿದರೆ ಒಳಗೆ ಬೆವರುತ್ತದೆ; ಪೂರ್ತಿ ಆರಿದ ಮೇಲೆಯೇ ತುಂಬಬೇಕು. ಮುಗ್ಗಲು ವಾಸನೆ ಬಂದರೆ ಆರಿಸುವ ಗೋಜು ಬೇಡ, ಎಲ್ಲವನ್ನೂ ಬಿಡಿರಿ. ಐದು ವರ್ಷದೊಳಗಿನ ಕೂಸುಗಳಿಗೆ ಇಡೀ ಬೀಜ ಕೊಡದೆ ಅರೆದು ಕೊಡಿರಿ, ಗಂಟಲಲ್ಲಿ ಸಿಕ್ಕೀತು.

ಇಷ್ಟು ಶ್ರಮಕ್ಕೆ ಬಿಡುವಿಲ್ಲದವರು ಹಳೆಯ ರೂಢಿಯನ್ನೇ ಹಿಡಿಯಬಹುದು: ರಾತ್ರಿ ಬೇಕಾದಷ್ಟನ್ನೇ ನೆನೆಸಿ, ಬೆಳಿಗ್ಗೆ ಅಂದಂದಿಗೆ ತಿಂದು ಮುಗಿಸುವುದು. ನಮ್ಮ ಮನೆಯಲ್ಲಿ ಈಗ ಮಳೆಗಾಲಕ್ಕೆ ಅದೇ ನಿಯಮ. ಮಗಳ ಅಂಟಿನುಂಡಿಗೆ ಆಮೇಲೆ ಅತ್ತೆಯವರೇ ಹೊಸ ಬದಾಮಿ ತರಿಸಿ, ನೆನೆಸದೆ, ತುಪ್ಪದಲ್ಲಿ ಹುರಿದು ಕಟ್ಟಿದರು.