ವಸಂತದ ಬಿಡುವು ಮತ್ತು ಮುಂಬಯಿಯ ದಾರಿ

ಜೋಳದ ರಾಶಿ ಮುಗಿದು, ಕಣದ ಕೆಲಸ ಸಡಿಲಗೊಂಡು, ಮಕ್ಕಳ ಪರೀಕ್ಷೆಗಳೂ ಕೊನೆಗೊಳ್ಳುವ ಚೈತ್ರದ ದಿನಗಳು ಒಕ್ಕಲು ಮನೆತನಗಳಿಗೆ ದೊರೆಯುವ ಅಪರೂಪದ ಬಿಡುವು. ಈ ಬಿಡುವಿನಲ್ಲೊಮ್ಮೆ ಮುಂಬಯಿ ನೋಡಿಬರಬೇಕೆಂಬ ಮಾತು ಕೊಹಿನೂರ, ಬಸವಕಲ್ಯಾಣ, ಹುಮನಾಬಾದ ಭಾಗದ ಎಷ್ಟೋ ಮನೆಗಳಲ್ಲಿ ವರ್ಷವರ್ಷವೂ ಏಳುತ್ತದೆ. ಲಗ್ನಗಳ ಸಾಲು ಆರಂಭವಾದೊಡನೆ ಅಡಗಿಹೋಗುತ್ತದೆ.

ನಮ್ಮ ಭಾಗದವರಿಗೆ ಮುಂಬಯಿ ಮುಖ್ಯವಾಗಿ ಎರಡು ಕಾರಣಗಳಿಂದ ಪರಿಚಿತವಾದ ನಗರ. ಒಂದು ದುಡಿಮೆ, ಇನ್ನೊಂದು ಪರೇಲಿನಲ್ಲಿ 1941ರಿಂದ ಇರುವ ಟಾಟಾ ಸ್ಮಾರಕ ಆಸ್ಪತ್ರೆ. ಕಡಲ ತೀರದ ಊರಿನಲ್ಲಿ ತಿಂಗಳುಗಟ್ಟಲೆ ಇದ್ದೂ ಕಡಲನ್ನು ಕಾಣದೆ, ಕೈಯಲ್ಲಿ ಔಷಧದ ಚೀಟಿ ಹಿಡಿದು ಹಿಂದಿರುಗಿದ ತಾಯಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಆದ್ದರಿಂದ ಸಹೃದಯ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಮನೆಯ ಹಿರಿಯರು ತಮ್ಮ ಕಾಲ ಮೇಲೆ ತಾವು ನಡೆಯಬಲ್ಲವರಾಗಿರುವಾಗಲೇ, ಯಾವ ಸಂಕಟದ ನೆಪವೂ ಇಲ್ಲದೆ, ಅವರನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಮಕ್ಕಳಿಗೆ ಮುಂದೆ ನೂರು ಅವಕಾಶಗಳು ಬಂದಾವು. ಅಜ್ಜಿಗೆ ಹಾಗಲ್ಲ.

ಕಾಲದ ವಿಚಾರವನ್ನು ಮೊದಲು ನೋಡೋಣ. ಮೇ ತಿಂಗಳ ಮುಂಬಯಿಯಲ್ಲಿ ನಮ್ಮೂರಿನಷ್ಟು ಉರಿಬಿಸಿಲಿಲ್ಲವಾದರೂ ಬೆವರು ಆರುವುದಿಲ್ಲ. ಜೂನ್ ಎರಡನೆಯ ವಾರದ ಸುಮಾರಿಗೆ ಮಳೆಗಾಲ ಹಿಡಿಯುತ್ತದೆ. ಶಾಲೆಗಳಿಗೆ ರಜೆ ದೊರೆತ ಕೂಡಲೇ, ಏಪ್ರಿಲ್ ಮಧ್ಯದೊಳಗೆ, ಹೊರಟುಬಿಡುವುದು ಲೇಸು. ಬಸವ ಜಯಂತಿಗೆ ಮನೆ ಸೇರಲೂ ಅನುಕೂಲ. ರೈಲಿನ ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಅಂದರೆ ಚೈತ್ರದ ಪ್ರಯಾಣಕ್ಕೆ ಮಹಾಶಿವರಾತ್ರಿಯ ಆಚೀಚೆಗೇ ದಿನ ಗೊತ್ತುಮಾಡಿರಬೇಕು. ಹೋಗುವ ಟಿಕೆಟಿನೊಂದಿಗೆ ಬರುವ ಟಿಕೆಟನ್ನೂ ಪಡೆಯುವುದನ್ನು ಮರೆಯಬಾರದು.

ಹೆದ್ದಾರಿಯ ಮೇಲೆ ರಾತ್ರಿಯ ಬಸ್ಸು ಹತ್ತಿ, ಸೊಲ್ಲಾಪುರ, ಪುಣೆ ದಾಟಿ ಮುಂಬಯಿ ಸೇರುವುದು ರೂಢಿಯಲ್ಲಿದೆ. ಸುಮಾರು 500 ಕಿಲೋಮೀಟರಿನ ದಾರಿ. ತರುಣರಿಗೆ ಅದು ಸರಿ. ಮೊಣಕಾಲು ನೋವಿರುವವರಿಗೆ, ರಾತ್ರಿ ಎರಡು ಬಾರಿ ಏಳಬೇಕಾದವರಿಗೆ ಅದೊಂದು ಶಿಕ್ಷೆ. ಕಲಬುರಗಿಯಿಂದಾಗಲಿ ಸೊಲ್ಲಾಪುರದಿಂದಾಗಲಿ ರೈಲು ಹಿಡಿದು, ಹಿರಿಯರಿಗೆ ಕೆಳಗಿನ ಬರ್ತನ್ನೇ ಕೇಳಿ ಪಡೆಯಿರಿ. ಬೀದರದಿಂದ ಹೊರಡುವವರಿಗೆ ಲಾತೂರ, ಕುರ್ಡುವಾಡಿ, ಪುಣೆಯ ಮಾರ್ಗವಾಗಿ ಹೋಗುವ ರೈಲೂ ಉಂಟು.

ಈ ದಾರಿಯಲ್ಲಿ ನಮ್ಮವರನ್ನು ತಬ್ಬಿಬ್ಬುಗೊಳಿಸುವ ನಿಲ್ದಾಣವೊಂದಿದೆ. ಮುಂಬಯಿಗೆ ಮುನ್ನ ಕಲ್ಯಾಣ ಜಂಕ್ಷನ್ ಬರುತ್ತದೆ. ಅರೆನಿದ್ರೆಯಲ್ಲಿ "ಕಲ್ಯಾಣ ಬಂತು" ಎಂಬ ಮಾತು ಕೇಳಿದ ಹಿರಿಯರು ಗಂಟುಮೂಟೆ ಕಟ್ಟಿಕೊಂಡರೆ ಆಶ್ಚರ್ಯವಿಲ್ಲ! ನಮ್ಮ ಕಲ್ಯಾಣ ಬಸವಕಲ್ಯಾಣವಾದದ್ದು 1956ರಲ್ಲಿ. ಆ ಕಲ್ಯಾಣವಾದರೋ ಕೊಂಕಣದ ಪ್ರಾಚೀನ ಬಂದರು. ಕ್ರಿಸ್ತಶಕ ಮೊದಲನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ಪೆರಿಪ್ಲಸ್‌ನಲ್ಲಿ ಅದರ ಹೆಸರಿದೆ. ಅದೇ ಗ್ರಂಥದಲ್ಲಿ ಇಂದಿನ ಧಾರಾಶಿವ ಜಿಲ್ಲೆಯ ತೇರ್ ಎಂಬ ಊರು, ಅಂದಿನ ತಗರ, ದೊಡ್ಡ ವ್ಯಾಪಾರದ ಪಟ್ಟಣವಾಗಿ ಕಾಣಿಸಿಕೊಳ್ಳುತ್ತದೆ. ಠಾಣೆಯ ಸುತ್ತಣ ಕೊಂಕಣವನ್ನು ಆಳಿದ ಶಿಲಾಹಾರರು ತಮ್ಮನ್ನು ತಗರಪುರದ ಒಡೆಯರೆಂದೇ ಶಾಸನಗಳಲ್ಲಿ ಕರೆದುಕೊಂಡಿದ್ದಾರೆ. ಅವರ ಕಾಲದ, 1060ರ ಶಾಸನವುಳ್ಳ ಶಿವಾಲಯವೊಂದು ಕಲ್ಯಾಣ ಜಂಕ್ಷನ್ನಿಗೆ ಸಮೀಪದ ಅಂಬರನಾಥದಲ್ಲಿ ಇಂದಿಗೂ ಇದೆ. ನಮ್ಮ ಬಯಲುಸೀಮೆಗೂ ಆ ಕಡಲಿಗೂ ನಂಟು ಇಂದು ನಿನ್ನೆಯದಲ್ಲ.

ಇನ್ನು ವಸತಿಯ ವಿಷಯ. ಇದನ್ನು ಸ್ವಲ್ಪ ಬಿಚ್ಚಿಯೇ ಹೇಳಬೇಕಾಗಿದೆ. "ಅಲ್ಲಿ ನಮ್ಮ ಅಳಿಯನಿದ್ದಾನೆ, ತಂಗಿಯಿದ್ದಾಳೆ" ಎಂಬ ಧೈರ್ಯದಿಂದ ಏಳೆಂಟು ಮಂದಿ ಹೊರಟುಬಿಡುತ್ತೇವೆ. ಅವರ ಮನೆ ಒಂದು ಕೋಣೆ, ಒಂದು ಅಡಿಗೆಮನೆ. ನೀರು ಬರುವುದು ಗೊತ್ತಾದ ವೇಳೆಗೆ ಮಾತ್ರ. ಯಜಮಾನ ಏಳು ಗಂಟೆಯ ಲೋಕಲ್ ಹಿಡಿಯದಿದ್ದರೆ ಆ ದಿನದ ಹಾಜರಿ ಹೋಯಿತು. ಅಂಥಲ್ಲಿ ಇಷ್ಟಲಿಂಗ ಪೂಜೆಯ ನೇಮವುಳ್ಳ ಹಿರಿಯರು ನಸುಕಿನಲ್ಲಿ ಸ್ನಾನಕ್ಕೆ ನಿಂತರೆ, ಆ ಗೃಹಿಣಿ ಬಾಯಿಬಿಟ್ಟು ಹೇಳಲಾರಳು, ತಾಳಲೂ ಆರಳು. ದುಡಿಯಲು ಹೋಗುವವರು ಮೊದಲು ಹೊರಡಲಿ; ಅನಂತರ ನಿಶ್ಚಿಂತೆಯಿಂದ ಪೂಜೆ ಸಾಗಲಿ. ಇಂಥ ಮನೆಯಲ್ಲಿ ಮೂರು ರಾತ್ರಿಗೆ ಮೇಲೆ ಉಳಿಯುವುದು ಉಚಿತವಲ್ಲವೆಂಬುದು ನನ್ನ ಮತ. ನಾಲ್ವರಿಗಿಂತ ಹೆಚ್ಚು ಮಂದಿಯಿದ್ದರೆ ದಾದರ, ಮಾಟುಂಗಾದ ಸುತ್ತ ಸಾಧಾರಣ ವಸತಿಗೃಹ ನೋಡಿಕೊಂಡು, ಬಂಧುಗಳ ಮನೆಗೆ ಒಂದು ಹೊತ್ತಿನ ಊಟಕ್ಕೆ ಮಾತ್ರ ಹೋಗಿಬನ್ನಿ. ಮಾಟುಂಗಾದಲ್ಲಿ 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ ಇದೆ. ಆ ಬೀದಿಗಳಲ್ಲಿ ಕನ್ನಡ ಕಿವಿಗೆ ಬೀಳುವುದರಿಂದ ಹಿರಿಯರಿಗೂ ಪರಕೀಯವೆನಿಸದು. ಹೋಗುವಾಗ ಕಡಕ ರೊಟ್ಟಿ, ಶೇಂಗಾ ಹಿಂಡಿ, ಐದಾರು ಸೇರು ಜೋಳದ ಹಿಟ್ಟು ಜೊತೆಗಿರಲಿ. ಊರು ಬಿಟ್ಟವರಿಗೆ ಪೇಟೆಯ ಮಿಠಾಯಿಗಿಂತ ಅದು ಹಿತ.

ನೋಡುವ ಸ್ಥಳಗಳ ಪಟ್ಟಿ ಉದ್ದವಾದಷ್ಟೂ ಹಿರಿಯರ ಸುಖ ಕಡಿಮೆ. ದಿನಕ್ಕೆ ಒಂದೇ ಸಾಕು. ಲೋಕಲ್ ರೈಲನ್ನು ಬೆಳಿಗ್ಗೆ 11ರ ಮೇಲೆ ಹತ್ತಿ, ಸಂಜೆ 5ರೊಳಗೆ ಇಳಿದುಬಿಡಬೇಕು. 2025ರ ಅಕ್ಟೋಬರದಲ್ಲಿ ಪೂರ್ಣವಾಗಿ ತೆರೆದ ನೆಲದಡಿಯ ಮೆಟ್ರೋದಲ್ಲಿ ಲಿಫ್ಟಿನ ಸೌಕರ್ಯವಿರುವುದರಿಂದ, ದಾದರದಿಂದ ಕೋಟೆಯ ಭಾಗಕ್ಕೆ ಹೋಗಲು ಹಿರಿಯರಿಗೆ ಅದು ವಾಸಿ.

ಒಂದು ದಿನವನ್ನು ಘಾರಾಪುರಿಗೆಂದೇ ಮೀಸಲಿಡಿ. ಎಲಿಫೆಂಟಾ ಎಂದು ಹೆಸರಾದ ಈ ದ್ವೀಪಕ್ಕೆ 1924ರಲ್ಲಿ ಪೂರ್ಣಗೊಂಡ ಗೇಟ್‌ವೇ ಆಫ್ ಇಂಡಿಯಾದ ಬಳಿಯಿಂದ ದೋಣಿ; ಸುಮಾರು ಒಂದು ಗಂಟೆಯ ಪಯಣ. ಸೋಮವಾರ ಗುಹೆಗಳು ಮುಚ್ಚಿರುತ್ತವೆ. ಶಿವನ ವಾರವೆಂದು ಅಂದೇ ಹೊರಟು ನಿರಾಶರಾಗಬೇಡಿ. ದಡದಿಂದ ಗುಹೆಗೆ ಸುಮಾರು 120 ಮೆಟ್ಟಿಲು. ಏರಲಾಗದವರಿಗೆ ಡೋಲಿ ಸಿಗುತ್ತದೆ. ದರವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಒಳಗೆ ಸುಮಾರು 20 ಅಡಿ ಎತ್ತರದ ಸದಾಶಿವ. ಮೂರು ಮುಖಗಳು ಕಾಣುತ್ತವೆ. ಐದರಲ್ಲಿ ಉಳಿದೆರಡು ಕಾಣದಂತಿವೆ. ಆರನೆಯ ಶತಮಾನದ ಈ ಗುಹೆಯನ್ನು ಮಾಹಿಷ್ಮತಿಯ ಕಳಚುರಿಗಳ ಕಾಲದ್ದೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ನಮ್ಮ ಕಲ್ಯಾಣದ ಬಿಜ್ಜಳನ ಮನೆತನದವರೂ ಕಳಚುರಿಗಳೆಂದೇ ಹೇಳಿಕೊಂಡವರು. ದೋಣಿಯಲ್ಲಿ ಜೀವರಕ್ಷಕ ಕವಚವನ್ನು ಎಲ್ಲರೂ ತೊಡಲೇಬೇಕು. 2024ರ ಡಿಸೆಂಬರ್ 18ರಂದು ಇದೇ ಮಾರ್ಗದ ದೋಣಿಗೆ ನೌಕಾಪಡೆಯ ವೇಗದೋಣಿ ಬಡಿದು ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಸೀರೆಯ ಮೇಲೆ ಅದು ಚೆನ್ನಾಗಿ ಕಾಣದೆಂದು ಸಂಕೋಚಪಡುವ ಅತ್ತೆಯವರಿಗೆ ಸೊಸೆಯೇ ಕಟ್ಟಿಕೊಡಲಿ.

ಕಡೆಯದಾಗಿ ಕಡಲು. ಇಲ್ಲಿ ಪಂಚಾಂಗ ಉಪಯೋಗಕ್ಕೆ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಂದು ಮುಂಬಯಿಯಲ್ಲಿ ನಡುಹಗಲು, ನಡುರಾತ್ರಿಯ ಸುಮಾರಿಗೆ ಉಬ್ಬರ. ಸಂಜೆ ಆರರ ಹೊತ್ತಿಗೆ ನೀರು ಬಹುದೂರ ಹಿಂದೆ ಸರಿದು ಕೆಸರುಮಳಲು ಉಳಿಯುತ್ತದೆ. ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ವೇಳೆ ಮುಂದೆ ಹೋಗುತ್ತ, ಸಪ್ತಮಿ ಅಷ್ಟಮಿಗಳ ಸಂಜೆಗೆ ಉಬ್ಬರವು ಸೂರ್ಯಾಸ್ತದ ಹೊತ್ತಿಗೆ ಕೂಡಿಬರುತ್ತದೆ. ಹೆಚ್ಚು ನಡೆಯಲಾರದವರನ್ನು ಅಂದು ಗಿರಗಾಂವ್ ಚೌಪಾಟಿಗೆ ಕರೆದುಕೊಂಡು ಹೋದರೆ ನೀರೇ ಅವರ ಹತ್ತಿರಕ್ಕೆ ಬಂದಿರುತ್ತದೆ. ಬೇಗ ಎಬ್ಬಿಸದೆ, ಅವರಾಗಿ ಏಳುವವರೆಗೆ ಕುಳಿತಿರಲು ಬಿಡಿ.